ಇಪ್ಪತ್ತೊಂದನೆಯ ಹೆಜ್ಜೆ

ಟಿಕ್.

ದಾಕ್ಷಾಯಿಣಿ ಕಣ್ಣು ಬಿಟ್ಟಳು. ಕತ್ತಲು. ಗಂಡ ಚನ್ನವೀರ ರಾತ್ರಿ ಬಸ್ಸಿನ ಪಾಳಿಗೆ ಹೋಗಿದ್ದ. ಮನೆಯಲ್ಲಿದ್ದದ್ದು ಅವಳು ಮತ್ತು ಅವಳ ಅತ್ತೆ ಇಬ್ಬರೇ. ಹಲ್ಲಿ ಇರಬೇಕು ಎಂದುಕೊಂಡು ಮಗ್ಗುಲು ಬದಲಿಸುವಷ್ಟರಲ್ಲಿ ಮತ್ತೆ ಅದೇ ಸದ್ದು. ಟಿಕ್. ಹಲ್ಲಿ ಇಷ್ಟು ಅಳತೆಯಿಂದ ಲೊಚಗುಟ್ಟುವುದಿಲ್ಲ.

ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹನ್ನೊಂದು ವರ್ಷ ಅವಳದೇ ಹೆಬ್ಬೆರಳು ಮಾಡಿದ ಸದ್ದು ಅದು. ಊರಾಚೆಯ ಎದೆರೋಗದ ಆಸ್ಪತ್ರೆಯಲ್ಲಿ ಅವಳ ಕೆಲಸ ಹೃದಯದ, ಶ್ವಾಸಕೋಶದ ರೋಗಿಗಳನ್ನು ನಡೆಸಿ ನೋಡುವುದು. ಆಸ್ಪತ್ರೆಯೊಳಗೆ ಮೂವತ್ತು ಮೀಟರಿನ ಓಣಿ, ಆ ತುದಿಗೊಂದು ಈ ತುದಿಗೊಂದು ಕಿತ್ತಳೆ ಬಣ್ಣದ ಶಂಕು, ಆರು ನಿಮಿಷ. ರೋಗಿ ಒಂದು ತುದಿ ಮುಟ್ಟಿದಾಗಲೆಲ್ಲ ಅಂಗೈಯಲ್ಲಿದ್ದ ಪುಟ್ಟ ಎಣಿಕೆಯಂತ್ರವನ್ನು ಒತ್ತಬೇಕು. ಟಿಕ್. ಕೊನೆಗೆ ಎಷ್ಟು ಮೀಟರ್ ಆಯಿತೋ ಅದು ಆ ಎದೆಯ ಬಲ. ಎರಡು ವರ್ಷದ ಹಿಂದೆ ಓಣಿಗೆ ಹೊಸ ನೆಲ ಹಾಸಿದ ಮೇಲೆ ಶಂಕು, ಅಳತೆಪಟ್ಟಿ, ಎಣಿಕೆಯಂತ್ರ ಎಲ್ಲವನ್ನೂ ಗುಜರಿಗೆ ಹಾಕಲು ಹೇಳಿದ್ದರು. ಅವಳಿಗೆ ಮನಸ್ಸು ಬರಲಿಲ್ಲ. ಚೀಲದಲ್ಲಿ ಹಾಕಿ ಮನೆಗೆ ತಂದು ಟ್ರಂಕಿನ ಮೇಲಿಟ್ಟಿದ್ದಳು.

ಸದ್ದಿಲ್ಲದೆ ಎದ್ದು ಬಾಗಿಲ ಸಂದಿಯಿಂದ ನೋಡಿದಳು. ಬೀದಿದೀಪದ ಬೆಳಕು ಕಿಟಕಿಯಿಂದ ಬಿದ್ದಿತ್ತು. ಕೊಟ್ರವ್ವ ಸೀರೆ ಎತ್ತಿಕಟ್ಟಿ ತಲೆಬಾಗಿಲಿನಿಂದ ಬಚ್ಚಲವರೆಗೆ, ಬಚ್ಚಲಿನಿಂದ ತಲೆಬಾಗಿಲವರೆಗೆ ನಡೆಯುತ್ತಿದ್ದಳು. ತುಟಿ ಮುಂದೆ ಮಾಡಿ ಮೊರದ ಹೊಟ್ಟು ಊದುವ ಹಾಗೆ ಉಸಿರು ಬಿಡುತ್ತಿದ್ದಳು. ಬಾಗಿಲು ಮುಟ್ಟಿದಾಗ ಒಂದು ಟಿಕ್.

"ಅತ್ತೇ..."

ಕೊಟ್ರವ್ವ ತಿರುಗಲಿಲ್ಲ. ಕೈ ಎತ್ತಿ ತಡಿ ಎಂದಳು. ಇನ್ನೂ ಎರಡು ಸಲ ಹೋಗಿ ಬಂದು, ಆರು ನಿಮಿಷಕ್ಕೆ ಹೊಂದಿಸಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟಿದ್ದ ಫೋನು ಗುಂಯ್‌ಗುಟ್ಟಿದ ಮೇಲೆ ಗೋಡೆಗೆ ಕೈಕೊಟ್ಟು ನಿಂತಳು. ಮಾತಾಡಲು ಉಸಿರು ಸಾಲಲಿಲ್ಲ. ಯಂತ್ರವನ್ನು ಸೊಸೆಯ ಕೈಗಿಟ್ಟಳು. ನಲವತ್ತೊಂದು.

"ಯಾವಾಗಿಂದ ನಡೆದೈತಿ ಇದು?"

"ನಿನ್ನೆ ನಿಮ್ಮ ನೆಲ ನನ್ನ ಮಾನ ಕಳೀತಲ್ಲ, ಅವಾಗಿಂದ." ಕೊಟ್ರವ್ವ ಕುಳಿತಳು. "ಹಗಲೊತ್ತು ಮಾಡಿದ್ರೆ ಓಣಿಯೋರು ಮುದುಕಿಗೆ ತಲಿ ಕೆಟ್ಟೈತಿ ಅಂತಾರ. ನೀನಂತೂ ನನ್ನ ಬೆರಳಿಗೆ ಆ ಉಸಿರು ನೋಡೋ ಚಿಮಟ ಸಿಗಿಸಿ ಹಿಂದಿಂದ ಓಡಿ ಬರ್ತಿ."

"ಬಿದ್ದಿದ್ರೆ?"

"ಬೀಳಲಿಲ್ಲಲ್ಲ. ಎಷ್ಟಾತು ಹೇಳು."

ದಾಕ್ಷಾಯಿಣಿ ಬಗ್ಗಿ ಹಾಸುಗಲ್ಲು ಎಣಿಸಿದಳು. ಎರಡಡಿಯ ಕಲ್ಲು, ಬಾಗಿಲಿನಿಂದ ಬಚ್ಚಲಿಗೆ ಹನ್ನೆರಡು. ಇಪ್ಪತ್ತನಾಲ್ಕು ಅಡಿ ಅಂದರೆ ಏಳು ಮೀಟರಿನ ಮೇಲೆ ಚೂರು. ಮನಸ್ಸಿನಲ್ಲೇ ನಲವತ್ತೊಂದರಿಂದ ಗುಣಿಸಿದಳು. ಮತ್ತೊಮ್ಮೆ ಗುಣಿಸಿದಳು. ಮುನ್ನೂರಕ್ಕೆ ಒಂದು ಗೇಣೂ ಕಡಿಮೆ ಇರಲಿಲ್ಲ. ಅದೂ ನಲವತ್ತು ಸಲ ನಿಂತು ತಿರುಗಿ. ಉದ್ದದ ಓಣಿಯಲ್ಲಾದರೆ ತಿರುಗುವುದು ಹತ್ತೇ ಸಲ. ಅಷ್ಟರಮಟ್ಟಿಗೆ ಹೆಜ್ಜೆ ಉಳಿಯುತ್ತದೆ.

ನಿನ್ನೆ ನೆಲ ಹೇಳಿದ್ದು ಇನ್ನೂರ ಹದಿನಾಲ್ಕು.

*

ಆ ನೆಲದ ಹೆಸರು ಓದುನೆಲ. ನೋಡಲು ಬೂದು ರಬ್ಬರಿನ ಹಾಸು. ಅದರಡಿಯಲ್ಲಿ ಕೂದಲಿಗಿಂತ ತೆಳುವಾದ ತಂತಿಗಳು. ಹಿಮ್ಮಡಿ ಎಷ್ಟು ಭಾರ ಊರಿತು, ಎಡಕ್ಕೂ ಬಲಕ್ಕೂ ಎಷ್ಟು ಹೊತ್ತು ಹಿಡಿಯಿತು, ಉಸಿರಿಗೆ ಮೈ ಎಷ್ಟು ತೂಗಿತು, ಎಲ್ಲವನ್ನೂ ಅದು ಓದುತ್ತಿತ್ತು. ದೂರದೂರದ ದೊಡ್ಡ ಆಸ್ಪತ್ರೆಗಳಲ್ಲಿ ನಲವತ್ತು ಸಾವಿರ ಜನ ಆರಾರು ನಿಮಿಷ ನಡೆದದ್ದನ್ನು ಕಲಿತುಕೊಂಡು ಬಂದಿತ್ತು. ಹೀಗಾಗಿ ಇಪ್ಪತ್ತು ಹೆಜ್ಜೆ ನಡೆದರೆ ಸಾಕು, ಈ ಮನುಷ್ಯ ಆರು ನಿಮಿಷಕ್ಕೆ ಎಷ್ಟು ದೂರ ಹೋಗುತ್ತಾನೆ ಎಂದು ಹೇಳಿಬಿಡುತ್ತಿತ್ತು. ಗಾಜಿನ ಕೋಣೆಯ ಪರದೆಯ ಮೇಲೆ ಅಂಕಿ ಮೂಡಿದ ಕೂಡಲೇ ದಾಕ್ಷಾಯಿಣಿ ಆಯ್ತು, ಕೂತ್ಕೊಳ್ಳಿ ಎನ್ನಬೇಕು. ಮೊದಲು ದಿನಕ್ಕೆ ಹನ್ನೆರಡು ಜನ ಆಗುತ್ತಿದ್ದ ಕಡೆ ಈಗ ತೊಂಬತ್ತು ಜನ. ಸಾಲಿನಲ್ಲಿ ನಿಂತವರು ನೆಲ ಜಾತಕ ಹೇಳ್ತೈತಿ ಎಂದು ನಗುತ್ತಿದ್ದರು.

ಆ ಅಂಕಿಗೆ ಈ ವರ್ಷ ಹೊಸ ತೂಕ ಬಂದಿತ್ತು. ಸುಟ್ಟ ಶ್ವಾಸಕೋಶಕ್ಕೆ ಪೊರೆ ಚಿಕಿತ್ಸೆ ಬಂದಿತ್ತು. ರೋಗಿಯದೇ ಉಸಿರುನಾಳದಿಂದ ಚಿಟಿಕೆಯಷ್ಟು ಜೀವಕೋಶ ತೆಗೆದು, ಯಂತ್ರದಲ್ಲಿ ಬೆಳೆಸಿ, ಮರಳಿ ಎದೆಯೊಳಗೆ ಇಳಿಬಿಡುವುದು. ಅವು ಅಲ್ಲಿ ಹಿಡಿದುಕೊಳ್ಳಬೇಕಾದರೆ ರೋಗಿ ಮೂರು ತಿಂಗಳು ದಿನವೂ ನಡೆಯಬೇಕು. ಗಾಳಿ ಮೂಲೆಮೂಲೆಗೆ ಮುಟ್ಟಬೇಕು. ನಡೆಯಲಾಗದವರಲ್ಲಿ ಪೊರೆ ಒಣಗಿ ಕಫಕ್ಕಿಂತ ಕಡೆಯಾಗುತ್ತದೆ. ಅದಕ್ಕೇ ಆರು ನಿಮಿಷಕ್ಕೆ ಮುನ್ನೂರು ಮೀಟರ್ ಎಂಬ ಗೆರೆ. ಗೆರೆ ದಾಟಿದವರಿಗೆಲ್ಲ ಚಿಕಿತ್ಸೆ ಉಂಟು. ಆದರೆ ಕೋಶ ಬೆಳೆಸುವ ಯಂತ್ರ ಸರದಿಯ ಮೇಲೆ ಜಿಲ್ಲೆಯಿಂದ ಜಿಲ್ಲೆಗೆ ಹೋಗುವಂಥದ್ದು. ಈ ಸಲದ ಪಟ್ಟಿ ಮುಚ್ಚಲು ಒಂಬತ್ತು ದಿನ ಉಳಿದಿತ್ತು. ಮತ್ತೆ ಬರುವುದು ಎರಡು ವರ್ಷಕ್ಕೆ. ಕೊಟ್ರವ್ವನ ಎದೆಯ ಚಿತ್ರ ನೋಡಿದ್ದ ದಾಕ್ಷಾಯಿಣಿಗೆ ಎರಡು ವರ್ಷ ಅಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಅಲ್ಲ ಅತ್ತೆ, ನಿನ್ನೆ ಅಷ್ಟು ಮೆಲ್ಲಗೆ ಯಾಕೆ ನಡೆದ್ರಿ?" ಎಂದು ಆ ರಾತ್ರಿಯೇ ಕೇಳಿದಳು.

ಕೊಟ್ರವ್ವ ಸೊಸೆಯನ್ನು ತಿಳಿಗೇಡಿಯನ್ನು ನೋಡುವಂತೆ ನೋಡಿದಳು. ಮೂವತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ದುಡಿದವಳು ಅವಳು. ಈಗ ಭಟ್ಟಿಗಳೆಲ್ಲ ಕರೆಂಟಿನವು. ಅವಳ ಕಾಲದವು ಹೊಟ್ಟಿನ ಬೆಂಕಿಯವು, ಕೈಗೆ ಸಿಕ್ಕಿದ್ದನ್ನೆಲ್ಲ ಒಳಗೆ ತುರುಕಿ ಉರಿಸುವಂಥವು. ಆ ಹೊಗೆಯೇ ಅವಳ ಎದೆ ಸುಟ್ಟಿತ್ತು.

"ಮೊದಲನೇ ಒಬ್ಬೆ ಅಕ್ಕಿ ಹುರಿಯೋವಾಗ ಯಾವತ್ತಾದ್ರೂ ಅವಸರ ಮಾಡ್ತಾರೇನೇ? ಮರಳು ಕಾದಿರಲ್ಲ. ಕೈ ಜೋರು ಮಾಡಿದ್ರೆ ಅಕ್ಕಿ ಅರಳಲ್ಲ, ನಾವು ಸುಸ್ತಾಗಿ ಕೂರ್ತೀವಿ ಅಷ್ಟೇ. ಮೆಲ್ಲಕೆ ಆಡಿಸ್ತಾ ಉಸಿರು ಕೂಡಿಸ್ಕೋಬೇಕು. ಮರಳು ಕಾದ ಮೇಲೆ ನೋಡು, ಸಂಜಿಮಟ ಕೈ ನಿಲ್ಲಲ್ಲ. ನಮ್ಮ ಭಟ್ಟಿಯೋರೆಲ್ಲ ಹಂಗೇ. ನಡೆಯೋದೂ ಹಂಗೇ, ಉಣ್ಣೋದೂ ಹಂಗೇ. ನಾನು ಶುರು ಹಚ್ಕೊಳ್ಳೋದ್ರಾಗ ನೀನು ಕೂತ್ಕೊ ಅಂದಿ."

ದಾಕ್ಷಾಯಿಣಿಗೆ ಆಮೇಲೆ ನಿದ್ದೆ ಬರಲಿಲ್ಲ. ಅವಳು ಎಲ್ಲಕ್ಕೂ ಹೆದರುವವಳು. ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಎರಡು ಸಲ ಎದ್ದು ನೋಡುವವಳು, ಒಂದು ಸಾಲಿನ ವರದಿಯನ್ನು ಮೂರು ಸಲ ತಿದ್ದುವವಳು. ಆದರೆ ಈ ರಾತ್ರಿ ಅವಳನ್ನು ಕಾಡಿದ್ದು ಮುರುಗೆಪ್ಪ.

ಅವನೂ ಭಟ್ಟಿಯವನೇ. ಓದುನೆಲ ಬಂದ ಮೊದಲ ತಿಂಗಳು ಹೋಲಿಸಿ ನೋಡಲೆಂದು ನೆಲದ ಲೆಕ್ಕದ ಜೊತೆಗೆ ಹಳೆಯ ಕೈಯಳತೆಯನ್ನೂ ಮಾಡಿಸಿ ಯಂತ್ರಕ್ಕೆ ತುಂಬುತ್ತಿದ್ದರು. ನೆಲ ಅದರಿಂದಲೂ ಕಲಿಯುತ್ತಿತ್ತು. ತಿಂಗಳು ಮುಗಿದು ಕೈಯಳತೆ ನಿಂತ ಮರುದಿನ ಮುರುಗೆಪ್ಪ ಬಂದು ಇಪ್ಪತ್ತು ಹೆಜ್ಜೆ ನಡೆದಾಗ ಪರದೆಯ ಮೇಲೆ ಅಂಕಿ ಬರಲಿಲ್ಲ. ಒಂದು ಅಡ್ಡಗೆರೆ ಬಂತು. ನೆಲಕ್ಕೆ ಗೊತ್ತಾಗುತ್ತಿಲ್ಲ ಎಂದು ಅದರರ್ಥ. ದಾಕ್ಷಾಯಿಣಿ ಹೆದರಿದಳು. ಎಲ್ಲಿ ತನ್ನ ತಪ್ಪೆನ್ನುತ್ತಾರೋ ಎಂದು ಅಂದೇ ಕಂಪನಿಗೆ ಚೊಕ್ಕವಾಗಿ ಬರೆದು ಕಳಿಸಿದಳು. ಬೆಳಗಾಗುವುದರೊಳಗೆ ಉತ್ತರ ಬಂದಿತ್ತು: ನೆಲವನ್ನು ಮೊದಲಿನ ಪಾಠಕ್ಕೆ ಮರಳಿಸಿದ್ದೇವೆ, ಗಮನಕ್ಕೆ ತಂದದ್ದಕ್ಕೆ ಧನ್ಯವಾದ. ಮರುದಿನ ಮುರುಗೆಪ್ಪ ಮತ್ತೆ ನಡೆದ. ನೂರ ತೊಂಬತ್ತು ಎಂದು ಥಟ್ಟನೆ ಬಂತು. ಅದನ್ನು ನೋಡಿ ಅವನಿಗೆ ನಡಿಗೆಯ ವ್ಯಾಯಾಮವೂ ಬೇಡವೆಂದು ಮನೆಗೆ ಕಳಿಸಿದರು. ಮಲಗಿದವನು ಆ ಬೇಸಿಗೆ ದಾಟಲಿಲ್ಲ.

ಆಗ ಅವಳು ಕಂಪನಿಗೆ ಬರೆದ ಆರು ಸಾಲು ಅವಳಿಗೆ ಈಗಲೂ ಬಾಯಿಪಾಠ ಇತ್ತು.

*

"ನೋಡಿ ದಾಕ್ಷಾಯಿಣಿಯವರೇ, ಸ್ವಂತ ಅತ್ತೆಯ ವಿಷಯ, ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ," ಎಂದರು ಡಾಕ್ಟರ್ ಪ್ರಭಂಜನ್. ಕೆಟ್ಟ ಮನುಷ್ಯನಲ್ಲ, ಕೆಲಸ ಹೆಚ್ಚಾಗಿದ್ದ ಮನುಷ್ಯ. "ಆದರೆ ಎರಡು ವರ್ಷದಲ್ಲಿ ಈ ನೆಲದ ಮೇಲೆ ಒಂದೂ ತಪ್ಪು ದಾಖಲಾಗಿಲ್ಲ."

ದಾಕ್ಷಾಯಿಣಿ ಬೆಳಗಿನಿಂದ ಆ ವಾಕ್ಯಕ್ಕೆ ಉತ್ತರ ಜೋಡಿಸಿಕೊಂಡೇ ಬಂದಿದ್ದಳು. "ತಪ್ಪು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು ಸರ್? ಇಪ್ಪತ್ತು ಹೆಜ್ಜೆಗೆ ಎಲ್ಲರನ್ನೂ ಕೂರಿಸ್ತೀವಿ. ಇಪ್ಪತ್ತೊಂದನೇ ಹೆಜ್ಜೆಯನ್ನ ಎರಡು ವರ್ಷದಿಂದ ಯಾರೂ ನೋಡಿಲ್ಲ. ನೆಲವೂ ನೋಡಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು.

"ನಿಯಮದಲ್ಲಿ ಏಳನೇ ಕಲಂ ಇದೆ ಸರ್. ಅನುಮಾನ ಬಂದಾಗ ಕೈಯಳತೆ ಮಾಡಿಸಬಹುದು. ನಾನು ಮಾಡೋ ಹಾಗಿಲ್ಲ, ಸಂಬಂಧಿ. ಮುಜೀಬ್ ಮಾಡಲಿ. ನಾನು ಗಾಜಿನ ಕೋಣೆಯಲ್ಲಿ ಇರ್ತೀನಿ, ಓಣಿಗೆ ಕಾಲಿಡಲ್ಲ."

"ಅಲ್ಲಿ ಮುನ್ನೂರು ಬರಲಿಲ್ಲ ಅಂದರೆ?"

"ಮತ್ತೆ ಕೇಳಲ್ಲ."

ಹೇಳಿದ ಮಾತು ವಾಪಸು ತೆಗೆದುಕೊಳ್ಳಲಿಲ್ಲ.

*

ಮಂಗಳವಾರ ಹನ್ನೊಂದು ಗಂಟೆಗೆ, ಮನೆಯಿಂದ ತಂದ ಎರಡು ಶಂಕುಗಳನ್ನು ಮುಜೀಬ್ ಓಣಿಯ ತುದಿಗಳಲ್ಲಿಟ್ಟ. ಯಂತ್ರಗಳ ರಿಪೇರಿ ಮಾಡುವ ಹುರುಪಿನ ಮನುಷ್ಯ. ರೋಗಿಗಳನ್ನು ನಡೆಸಿ ಅಭ್ಯಾಸವಿರಲಿಲ್ಲ. ದಾಕ್ಷಾಯಿಣಿ ಅವನಿಗೆ ಒಂದು ಹಳೆಯ ಕಾರ್ಡು ಕೊಟ್ಟಿದ್ದಳು.

"ಮುಜೀಬಣ್ಣ, ಕಾರ್ಡಿನಲ್ಲಿರೋದು ಬಿಟ್ಟು ಒಂದಕ್ಷರ ಹೆಚ್ಚಿಗೆ ಹೇಳಬ್ಯಾಡ್ರಿ. ಜೋರು ನಡೀರಿ ಅನ್ನಬಾರದು, ಶಭಾಷ್ ಅನ್ನಬಾರದು. ಪಕ್ಕದಲ್ಲಿ ಜೊತೆಗೆ ನಡೀಬಾರದು. ನಡೆದ್ರೆ ಅವರು ನಿಮ್ಮ ಹೆಜ್ಜೆಗೆ ಹೆಜ್ಜೆ ಹಾಕ್ತಾರೆ, ಅಳತೆ ಕೆಡತೈತಿ."

"ಅಲ್ಲಕ್ಕಾ, ಮುದುಕಮ್ಮ ಎದುರಿಗೆ ಗೊಂಬೆ ಹಂಗೆ ನಿಲ್ಲಬೇಕಾ?"

"ಹೂಂ, ಗೊಂಬೆ ಹಂಗೇ."

ಕೊಟ್ರವ್ವ ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಚಿಮಟ ಹಾಕಿಸಿಕೊಂಡಳು. ಗಾಜಿನಾಚೆ ನಿಂತ ಸೊಸೆಯ ಕಡೆ ಒಮ್ಮೆಯೂ ನೋಡಲಿಲ್ಲ. ನೆಲವನ್ನು ಮಾತ್ರ ನೋಡಿದಳು, ಜಗಳಕ್ಕೆ ಬಂದವರನ್ನು ನೋಡುವ ಹಾಗೆ.

ಇಪ್ಪತ್ತನೆಯ ಹೆಜ್ಜೆಗೆ ಪರದೆಯ ಮೇಲೆ ಇನ್ನೂರ ಹದಿನಾಲ್ಕು ಬಂತು. ಮತ್ತದೇ. ಇಪ್ಪತ್ತೊಂದನೆಯ ಹೆಜ್ಜೆ ಇಟ್ಟಾಗ ದಾಕ್ಷಾಯಿಣಿ ಮೇಜಿನ ಅಂಚು ಹಿಡಿದುಕೊಂಡಳು.

"ಚೆನ್ನಾಗಿ ನಡೀತಿದ್ದೀರಿ. ಇನ್ನು ಐದು ನಿಮಿಷ ಇದೆ," ಎಂದು ಮುಜೀಬ್ ಕಾರ್ಡು ನೋಡಿ ಓದಿದ.

ಎರಡನೆಯ ನಿಮಿಷದಲ್ಲಿ ಮರಳು ಕಾಯತೊಡಗಿತು. ಹೆಜ್ಜೆ ಉದ್ದವಾಗಲಿಲ್ಲ, ಬೇಗಬೇಗ ಬಿತ್ತು. ಎರಡು ಹೆಜ್ಜೆಗೆ ಉಸಿರು ಒಳಗೆ, ನಾಲ್ಕು ಹೆಜ್ಜೆಗೆ ತುಟಿಯಿಂದ ಹೊರಗೆ. ಶಂಕು ಬಳಸಿ ತಿರುಗುವಾಗ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಚೆನ್ನಾಗಿ ನಡೀತಿದ್ದೀರಿ. ಇನ್ನು ನಾಲ್ಕು ನಿಮಿಷ ಇದೆ."

"ಅದನ್ನೇ ಎಷ್ಟು ಸಲ ಹೇಳ್ತಿಯೋ ಮಾರಾಯ, ಬೇರೆ ಏನಾರ ಕಲ್ತು ಬಾ," ಎಂದಳು ಕೊಟ್ರವ್ವ, ನಿಲ್ಲದೆ. ಮುಜೀಬ್ ನಗು ತಡೆಯಲಾಗದೆ ಕಾರ್ಡಿನಿಂದ ಬಾಯಿ ಮುಚ್ಚಿಕೊಂಡ. ದಾಕ್ಷಾಯಿಣಿಗೆ ಸಿಟ್ಟು ಬಂತು. ಮಾತಿಗೆ ಖರ್ಚಾದ ಉಸಿರು ಎಷ್ಟು ಮೀಟರಿನದೋ!

ನಾಲ್ಕನೆಯ ನಿಮಿಷ ಮುಗಿಯುವ ಹೊತ್ತಿಗೆ ಏಳು ಟಿಕ್ ಆಗಿತ್ತು, ಎಂಟಕ್ಕೆ ಹತ್ತೇ ಹೆಜ್ಜೆ. ಅಲ್ಲಿ ಕೊಟ್ರವ್ವ ನಿಂತುಬಿಟ್ಟಳು. ಗೋಡೆಗೆ ಹೆಗಲು ಕೊಟ್ಟಳು. ಬಾಯಿ ತೆರೆದಿತ್ತು, ಕತ್ತಿನ ನರ ಹಗ್ಗದ ಹಾಗೆ ಎದ್ದಿದ್ದವು. ಬೆರಳಿನ ಚಿಮಟ ಎಂಬತ್ತಾರು ತೋರಿಸುತ್ತಿತ್ತು. ಎಂಬತ್ತಕ್ಕಿಂತ ಕೆಳಗೆ ಹೋದರೆ ನಿಲ್ಲಿಸಬೇಕು.

"ಬೇಕಾದರೆ ಗೋಡೆಗೆ ಒರಗಿಕೊಳ್ಳಿ. ಆಗುತ್ತೆ ಅನಿಸಿದ ಕೂಡಲೇ ಮತ್ತೆ ನಡೆಯಿರಿ." ಮುಜೀಬ್ ಕಾರ್ಡು ಓದಿದ. ಅವನು ಗಾಜಿನ ಕಡೆ ನೋಡಿದ. ಗಡಿಯಾರ ನಿಲ್ಲುವುದಿಲ್ಲ, ಅದು ನಿಯಮ. ಹತ್ತು ಸೆಕೆಂಡು. ಹದಿನೈದು.

ಗಾಜಿನಾಚೆಯಿಂದ ಒಂದು ಮಾತು ಸಾಕಾಗಿತ್ತು. ಅತ್ತೇ, ನಡೀರಿ. ಆ ಒಂದು ಮಾತು ಹೇಳಿದರೆ ಇಡೀ ಅಳತೆ ರದ್ದು. ದಾಕ್ಷಾಯಿಣಿ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ನಿಂತಳು. ಹನ್ನೊಂದು ವರ್ಷದಲ್ಲಿ ಅವಳು ಎಷ್ಟೋ ರೋಗಿಗಳ ಎದುರು ಹೀಗೆ ಸುಮ್ಮನೆ ನಿಂತಿದ್ದಳು. ಸುಮ್ಮನೆ ನಿಲ್ಲುವುದು ಇಷ್ಟು ಭಾರದ ಕೆಲಸವೆಂದು ಆಗ ಗೊತ್ತಿರಲಿಲ್ಲ.

ಇಪ್ಪತ್ತೈದನೆಯ ಸೆಕೆಂಡಿಗೆ ಕೊಟ್ರವ್ವ ತುಟಿ ಮುಂದೆ ಮಾಡಿ ಉದ್ದಕ್ಕೆ ಒಂದು ಊದಿದಳು. ಗೋಡೆ ಬಿಟ್ಟಳು.

ಅದೇ ಹೊತ್ತಿಗೆ ದಾಕ್ಷಾಯಿಣಿಯ ಕಣ್ಣು ಪರದೆಯ ಮೇಲೆ ಬಿತ್ತು. ಇನ್ನೂರ ಹದಿನಾಲ್ಕು ಇರಲಿಲ್ಲ. ಅಲ್ಲೊಂದು ಅಡ್ಡಗೆರೆ ಇತ್ತು.

ಕೊನೆಯ ನಿಮಿಷದಲ್ಲಿ ಕೊಟ್ರವ್ವ ನಡೆದದ್ದು ಓಣಿಯಲ್ಲಿದ್ದ ಉಳಿದ ರೋಗಿಗಳೆಲ್ಲ ಬೆಂಚು ಬಿಟ್ಟು ಎದ್ದು ನೋಡುವ ಹಾಗಿತ್ತು. ಹತ್ತನೆಯ ಟಿಕ್ ಆಗಿ ಮತ್ತೆ ತಿರುಗಿ ಕೆಲವು ಹೆಜ್ಜೆ ಇಟ್ಟಿದ್ದಳು, ಮುಜೀಬ್ ನಿಲ್ಲಿ ಎಂದ. ಅವಳ ಹಿಮ್ಮಡಿಯ ಬಳಿ ಸುಣ್ಣದಕಡ್ಡಿಯಿಂದ ಗೆರೆ ಎಳೆದು ಪಟ್ಟಿ ಹಿಡಿದು ಅಳೆದ. ಹತ್ತು ಮೂವತ್ತಲೆ ಮುನ್ನೂರು, ಮೇಲೆ ಒಂಬತ್ತು.

"ಮುನ್ನೂರ ಒಂಬತ್ತು, ಅವ್ವಾ!" ಅದು ಕಾರ್ಡಿನಲ್ಲಿ ಇಲ್ಲದ ಮಾತು. ಹೊತ್ತು ಮೀರಿದ್ದರಿಂದ ತೊಂದರೆ ಇರಲಿಲ್ಲ.

ಕೊಟ್ರವ್ವ ಕುರ್ಚಿಯಲ್ಲಿ ಕುಸಿದು ಬಹಳ ಹೊತ್ತು ಉಸಿರು ಕೂಡಿಸಿಕೊಂಡಳು. ಆಮೇಲೆ ಬಲಗಾಲಿನಿಂದ ರಬ್ಬರು ನೆಲವನ್ನು ಒಮ್ಮೆ ತಟ್ಟಿದಳು. "ಏನಂತೈತಿ ಈಗ?"

ಮುಜೀಬ್ ಗಾಜಿನ ಕೋಣೆಗೆ ಬಂದು, ನಿಯಮದ ಪ್ರಕಾರ ಕೈಯಳತೆಯ ಅಂಕಿಯನ್ನು ಯಂತ್ರಕ್ಕೆ ತುಂಬಿದ. ಅವನು ಪರದೆಯ ಅಡ್ಡಗೆರೆ ಗಮನಿಸಲಿಲ್ಲ. ಡಾಕ್ಟರು ಸಂಜೆಗೆ ಪಟ್ಟಿಗೆ ಹೆಸರು ಸೇರಿಸಿದರು.

*

ಗುರುವಾರ ಬೆಳಿಗ್ಗೆ ಸಾಲಿನ ನಾಲ್ಕನೆಯವಳಾಗಿ ಹಾಲಮ್ಮ ಬಂದಳು. ಮುರುಗೆಪ್ಪನ ಹೆಂಡತಿ. ಗಂಡನ ಜೊತೆ ಅದೇ ಭಟ್ಟಿಯಲ್ಲಿ ಇಪ್ಪತ್ತು ವರ್ಷ ಅಕ್ಕಿ ಹುರಿದವಳು. ಅವಳನ್ನು ನೋಡಿ ದಾಕ್ಷಾಯಿಣಿ ಎದ್ದು ನಿಂತಳು.

"ಹೆಂಗಿದೀಯವ್ವಾ? ನನ್ನನ್ನೂ ಇಪ್ಪತ್ತು ಹೆಜ್ಜೆಗೆ ಕೂರಿಸ್ತೀ ಏನು?" ಎಂದಳು ಹಾಲಮ್ಮ. ದೂರಿನ ದನಿಯಲ್ಲ. ಆಗುವುದು ಆಗಲಿ ಎನ್ನುವ ದನಿ.

"ನಡೀರಿ ಹಾಲಮ್ಮಾ, ನೋಡಾಣ."

ಮೆಲ್ಲಗೆ, ಕಾಲೆಳೆದುಕೊಂಡು, ಉಸಿರು ಕೂಡಿಸುತ್ತ ಹಾಲಮ್ಮ ನಡೆದಳು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಅಡ್ಡಗೆರೆ.

ಅವಳಿಗಿಂತ ಮುಂಚಿನ ಮೂವರಿಗೆ ಎಂದಿನಂತೆ ಅಂಕಿ ಬಂದಿತ್ತು. ದಾಕ್ಷಾಯಿಣಿ ನೆಲದ ದಿನಚರಿ ತೆರೆದು ನೋಡಿದಳು. ಮಂಗಳವಾರ ರಾತ್ರಿ ನೆಲ ತನ್ನ ಇನ್ನೂರ ಹದಿನಾಲ್ಕನ್ನೂ ಮುಜೀಬ್ ತುಂಬಿದ ಮುನ್ನೂರ ಒಂಬತ್ತನ್ನೂ ಪಕ್ಕಪಕ್ಕ ಇಟ್ಟು ನೋಡಿತ್ತು. ಮೊದಲಿನ ಪಾಠಕ್ಕೆ ಮರಳಿಸಿದಾಗಿನಿಂದ, ಎರಡು ವರ್ಷದಲ್ಲಿ, ಅದಕ್ಕೆ ಸಿಕ್ಕ ಮೊದಲ ಪೂರ್ತಿ ನಡಿಗೆ ಅದು. ಆಮೇಲೆ ತಾನು ಕೂರಿಸಿದವರ ಹೆಜ್ಜೆಗಳನ್ನೆಲ್ಲ ಹಿಂದಕ್ಕೆ ಹೋಗಿ ಹುಡುಕಿತ್ತು. ಕೊಟ್ರವ್ವನ ಹಾಗೆ ಶುರು ಮಾಡಿದ ನಾನ್ನೂರ ಹನ್ನೆರಡು ಜನ. ಅವರ ಅಂಕಿಗಳನ್ನು ಅದು ಹೆಚ್ಚು ಮಾಡಿರಲಿಲ್ಲ. ಎಲ್ಲರ ಮುಂದೆಯೂ ಒಂದೊಂದು ಅಡ್ಡಗೆರೆ ಎಳೆದಿತ್ತು. ಗೊತ್ತಿಲ್ಲ ಎಂದಿತ್ತು, ಅಷ್ಟೇ. ಪಟ್ಟಿಯ ಮಧ್ಯದಲ್ಲೆಲ್ಲೋ ಮುರುಗೆಪ್ಪನ ಹೆಸರೂ ಇತ್ತು. ಅವನ ನೂರ ತೊಂಬತ್ತರ ಮೇಲೂ ಗೆರೆ ಬಿದ್ದಿತ್ತು.

ಅವಳು ಕುಳಿತುಕೊಂಡಳು. ಎದ್ದಳು.

ಗುರುವಾರವೇ ಕಂಪನಿಗೆ ವಾರದ ವರದಿ ಕಳಿಸುವ ದಿನ. ಪರದೆಯ ಮೂಲೆಯಲ್ಲಿ ಅದು ತಾನಾಗಿ ತೆರೆದುಕೊಂಡಿತ್ತು. ಒಂದೇ ಪ್ರಶ್ನೆ: ನೆಲದ ಕೆಲಸದಲ್ಲಿ ದೋಷ ಕಂಡುಬಂದಿದೆಯೇ? ಬರೆದರೆ ಏನಾಗುವುದೆಂದು ಅವಳಿಗೆ ಗೊತ್ತಿತ್ತು. ರಾತ್ರೋರಾತ್ರಿ ನೆಲ ಮೊದಲಿನ ಪಾಠಕ್ಕೆ ಮರಳುತ್ತದೆ. ನಾಳೆ ಹಾಲಮ್ಮನಿಗೆ ಥಟ್ಟನೆ ಒಂದು ಅಂಕಿ ಬರುತ್ತದೆ. ಧನ್ಯವಾದವೂ ಬರುತ್ತದೆ.

ಬರೆಯದಿದ್ದರೆ? ಅಡ್ಡಗೆರೆ ಬಂದವರನ್ನೆಲ್ಲ ಆರಾರು ನಿಮಿಷ ಕೈಯಿಂದ ನಡೆಸಬೇಕು. ಅದಕ್ಕೆ ಏಳನೇ ಕಲಂ ಇದೆ, ಯಾರೂ ತಪ್ಪೆನ್ನುವಂತಿಲ್ಲ. ಪಟ್ಟಿ ಮುಚ್ಚಲು ಉಳಿದಿದ್ದು ಏಳು ದಿನ, ನಾನ್ನೂರ ಹನ್ನೆರಡು ಜನ. ಬದುಕಿರುವವರನ್ನು ಹುಡುಕಿ ಕರೆಸಬೇಕು. ಸಾಲು ಗೇಟಿನವರೆಗೆ ಹೋಗುತ್ತದೆ, ಜನ ಬೈಯುತ್ತಾರೆ, ಊಟಕ್ಕೆ ಹೊತ್ತಿರುವುದಿಲ್ಲ. ಹೆದರಿಕೆ ಅವಳ ಎದೆಯಲ್ಲಿ ಎಂದಿನ ಜಾಗದಲ್ಲೇ ಇತ್ತು. ಅದನ್ನು ಅಲ್ಲೇ ಇರಗೊಟ್ಟಳು.

ಪ್ರಶ್ನೆಯನ್ನು ಮೂರು ಸಲ ಓದಿದಳು. ದೋಷ. ಆ ಪದವನ್ನು ತೂಗಿ ನೋಡಿದಳು. 'ಇಲ್ಲ' ಎಂದು ಬರೆದು ಕಳಿಸಿದಳು. ಎರಡಕ್ಷರ, ತಿದ್ದಬೇಕಾಗಲಿಲ್ಲ.

ಓಣಿಗೆ ಬಂದು ಶಂಕುಗಳನ್ನು ಎರಡು ತುದಿಗೂ ಇಟ್ಟಳು. ಬೆಂಚಿನ ಮೇಲಿದ್ದ ಒಬ್ಬ ಗೊಣಗಿದ, "ಏನಮ್ಮಾ, ಮಿಷನ್ನು ಕೆಟ್ಟಿತಾ? ಇನ್ನು ಸಂಜಿಮಟ ಕಾಯಬೇಕಾ ನಾವು?"

"ಕೆಟ್ಟಿಲ್ಲಪ್ಪಾ, ಚಲೋ ಐತಿ. ಸ್ವಲ್ಪ ಕೂತ್ಕೊ."

ಹಾಲಮ್ಮ ಗಾಬರಿಯಿಂದ ನೋಡಿದಳು. "ಮತ್ತೆ ನಡೀಬೇಕೇನವ್ವಾ? ಏನಾತು?"

ಆ ನೆಲ ನಿನ್ನ ಗಂಡನ ಹೆಸರ ಮುಂದಿದ್ದ ಅಂಕಿಯನ್ನು ಹೊಡೆದುಹಾಕಿದೆ ಎಂಬ ಮಾತು ದಾಕ್ಷಾಯಿಣಿಯ ನಾಲಗೆಯ ತುದಿಗೆ ಬಂತು. ಹಾಲಮ್ಮನಿಗೆ ಹೇಳಿದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಮುಜೀಬನಿಗೆ ಹೇಳಿದರೆ ಖುಷಿಗೆ ಕ್ಯಾಂಟೀನಿನಲ್ಲಿ ಕೂಗಿ ಹೇಳುತ್ತಾನೆ. ಡಾಕ್ಟರಿಗೆ ಹೇಳಿದರೆ ಅವರು ಮೇಲಕ್ಕೆ ಬರೆಯಲೇಬೇಕು, ಅವರ ಕೆಲಸ ಅದು. ಚನ್ನವೀರನಿಗೆ ಹೇಳಿದರೆ ಬಸ್ಸಿನ ಕಂಡಕ್ಟರನವರೆಗೆ ಹೋಗುತ್ತದೆ. ಅತ್ತೆಗೆ? ಅತ್ತೆ ಇವತ್ತು ಸಂಜೆ ಖಂಡಿತ ಕೇಳುತ್ತಾಳೆ, ಆ ನೆಲ ಈಗ ಏನಂತೈತಿ ಎಂದು. ಅವಳಿಗೂ ಹೇಳುವುದಿಲ್ಲ. ಯಾರಿಗೂ ಇಲ್ಲ.

"ಏನಾಗಿಲ್ಲ ಹಾಲಮ್ಮಾ," ಎಂದಳು. ಎಣಿಕೆಯಂತ್ರವನ್ನು ಸೊನ್ನೆಗೆ ತಿರುಗಿಸಿ ಅಂಗೈಯಲ್ಲಿ ಹಿಡಿದುಕೊಂಡಳು. "ಅವಸರ ಬ್ಯಾಡ. ಆರು ನಿಮಿಷ ಐತಿ."